ಪತ್ತೇದಾರನ ಬೆನ್ನು ಹತ್ತಿ ಚಿನ್ನದ ಕೋಟೆಗೆ

ಪತ್ತೇದಾರಿ ಕಾದಂಬರಿಯನ್ನು ಪಠ್ಯಪುಸ್ತಕದ ನಡುವೆ ಬಚ್ಚಿಟ್ಟುಕೊಂಡು ಓದಿದವರು ನಿಮ್ಮಲ್ಲಿ ಎಷ್ಟು ಮಂದಿ ಇದ್ದೀರಿ? ಸಂಕೋಚ ಬೇಡ, ಕೈ ಎತ್ತಿ. ನಾನಂತೂ ಎರಡೂ ಕೈ ಎತ್ತುತ್ತೇನೆ. ಬೀದಿ ಕೊನೆಯ ಲೈಬ್ರರಿಯಿಂದ ಎನ್. ನರಸಿಂಹಯ್ಯನವರ ಪುಸ್ತಕ ತಂದು, ಒಲೆಯ ಮುಂದೆ ನಿಂತು ಓದುತ್ತಾ, ಹಾಲು ಉಕ್ಕಿಸಿ ಅಮ್ಮನಿಂದ ಬೈಸಿಕೊಂಡವಳು ನಾನು. ಮದುವೆಯಾಗಿ, ಮಗಳು ಹುಟ್ಟಿ, ತಲೆಯಲ್ಲಿ ನಾಲ್ಕು ಬಿಳಿಕೂದಲು ಕಾಣಿಸಿಕೊಂಡ ಮೇಲೂ ಆ ಚಟ ಹೋಗಿಲ್ಲ.

“ಮಕ್ಕಳು ಓದೋ ಪುಸ್ತಕ ಹಿಡ್ಕೊಂಡು ಕೂತಿದೀಯಲ್ಲೇ!” ಎಂದು ನಮ್ಮವರು ನಗುತ್ತಾರೆ. ನಗಲಿ ಬಿಡಿ. ಅಂಥ ಒಂದು ಪುಸ್ತಕವೇ ಕಳೆದ ದಸರಾ ರಜೆಯಲ್ಲಿ ನಮ್ಮ ಮೂವರನ್ನೂ ಬೆಂಗಳೂರಿನಿಂದ ರಾಜಸ್ಥಾನದ ಮರುಭೂಮಿಗೆ ಎಳೆದುಕೊಂಡು ಹೋಯಿತು. ಆ ಕತೆಯನ್ನೇ ಈಗ ನಿಮಗೆ ಹೇಳಹೊರಟಿದ್ದೇನೆ.

ಪುಸ್ತಕದ ಹೆಸರು ‘ಸೋನಾರ್ ಕೆಲ್ಲಾ’. ಬಂಗಾಳಿಯಲ್ಲಿ ಹಾಗೆಂದರೆ ಚಿನ್ನದ ಕೋಟೆ. ಬರೆದವರು ಸತ್ಯಜಿತ್ ರೇ. ‘ಪಥೇರ್ ಪಾಂಚಾಲಿ’ಯಂಥ ಚಿತ್ರ ತೆಗೆದ ಆ ಮಹಾನುಭಾವರು ಹದಿಹರೆಯದ ಮಕ್ಕಳಿಗಾಗಿ ಪತ್ತೇದಾರಿ ಕತೆಗಳನ್ನೂ ಬರೆದರೆಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಅವರ ಅಜ್ಜ ಉಪೇಂದ್ರಕಿಶೋರ ರಾಯ್‌ಚೌಧುರಿ 1913ರಲ್ಲಿ ‘ಸಂದೇಶ್’ ಎಂಬ ಮಕ್ಕಳ ಪತ್ರಿಕೆ ಆರಂಭಿಸಿದ್ದರು. ನಿಂತುಹೋಗಿದ್ದ ಅದನ್ನು ಮೊಮ್ಮಗ 1961ರಲ್ಲಿ ಮತ್ತೆ ಹೊರಡಿಸಿದರು. ಪತ್ರಿಕೆ ತುಂಬಿಸಬೇಕಲ್ಲ? ತಾವೇ ಬರೆಯತೊಡಗಿದರು, ಚಿತ್ರವನ್ನೂ ತಾವೇ ಬಿಡಿಸಿದರು. ಹಾಗೆ 1965ರಲ್ಲಿ ಹುಟ್ಟಿದವನು ಪತ್ತೇದಾರ ಫೆಲೂದಾ. ‘ದಾ’ ಎಂದರೆ ಅಣ್ಣ. ಕತೆ ಹೇಳುವವನು ಅವನ ಚಿಕ್ಕಪ್ಪನ ಮಗ ತೋಪ್ಶೆ, ಇನ್ನೂ ಶಾಲೆಗೆ ಹೋಗುವ ಹುಡುಗ. ಹಾಗಾಗಿ ಫೆಲೂದಾ ಓದುವ ಎಲ್ಲರಿಗೂ ಅಣ್ಣನೇ!

‘ಸೋನಾರ್ ಕೆಲ್ಲಾ’ 1971ರಲ್ಲಿ ‘ದೇಶ್’ ಪತ್ರಿಕೆಯ ದುರ್ಗಾಪೂಜೆಯ ವಿಶೇಷಾಂಕದಲ್ಲಿ ಬಂತು, ನಮ್ಮಲ್ಲಿ ದೀಪಾವಳಿ ವಿಶೇಷಾಂಕಗಳು ಬರುತ್ತವಲ್ಲ, ಹಾಗೆ. ಕಲ್ಕತ್ತೆಯ ಪುಸ್ತಕ ವ್ಯಾಪಾರಿಯೊಬ್ಬರ ಪುಟ್ಟ ಮಗ ಮುಕುಲ್. ಅವನು ಇದ್ದಕ್ಕಿದ್ದಂತೆ ಹೋದ ಜನ್ಮದ ಮಾತನ್ನಾಡುತ್ತಾನೆ. ಚಿನ್ನದ ಕೋಟೆ, ಒಂಟೆ, ಯುದ್ಧ, ತನ್ನ ಮನೆಯಲ್ಲಿದ್ದ ರತ್ನಗಳು... ರತ್ನ ಎಂಬ ಮಾತು ಕಿವಿಗೆ ಬಿದ್ದೊಡನೆ ದುಷ್ಟರು ಹುಡುಗನ ಬೆನ್ನು ಹತ್ತುತ್ತಾರೆ. ಅವನನ್ನು ಕಾಪಾಡಲು ಫೆಲೂದಾ, ತೋಪ್ಶೆ ರಾಜಸ್ಥಾನಕ್ಕೆ ಹೊರಡುತ್ತಾರೆ. ದಾರಿಯಲ್ಲಿ ರೈಲಿನಲ್ಲಿ ಗಂಟುಬೀಳುವವರು ಲಾಲ್‌ಮೋಹನ್ ಬಾಬು. ‘ಜಟಾಯು’ ಎಂಬ ಹೆಸರಿನಲ್ಲಿ ರೋಮಾಂಚಕಾರಿ ಕಾದಂಬರಿ ಬರೆಯುವ, ತಪ್ಪುಗಳನ್ನೇ ಮಾಡುವ, ಬೆಣ್ಣೆಯಂಥ ಮನಸ್ಸಿನ ಮನುಷ್ಯ. ಮುಂದಿನದನ್ನು ನಾನು ಹೇಳುವುದಿಲ್ಲ. ಪತ್ತೇದಾರಿ ಕತೆಯ ಕೊನೆ ಹೇಳುವುದು ಮಹಾಪಾಪ.

ಇಂಗ್ಲಿಷ್ ಅನುವಾದವನ್ನು ಕೈಯಲ್ಲಿ ಹಿಡಿದು ದಿನಕ್ಕೊಂದು ಅಧ್ಯಾಯದಂತೆ ಮಗಳಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಅವಳಿಗೆ ಹದಿಮೂರು. ಆ ವಯಸ್ಸು ನಿಮಗೆ ಗೊತ್ತಲ್ಲ? ಕೇಳಿದ್ದಕ್ಕೆ ಉತ್ತರವಿಲ್ಲ, ಕೋಣೆಯ ಬಾಗಿಲು ಸದಾ ಮುಚ್ಚಿರುತ್ತದೆ. ರಾತ್ರಿ ಒಂಬತ್ತಕ್ಕೆ ಮಾತ್ರ “ಅಮ್ಮಾ, ಫೆಲೂದಾ” ಎಂದು ಬಾಗಿಲು ತೆರೆಯುತ್ತಿತ್ತು. ಆ ಅರ್ಧ ಗಂಟೆ ನನ್ನ ಪಾಲಿನ ಭಾಗ್ಯ. ಆದರೆ ಪುಸ್ತಕ ಅರ್ಧ ಮುಗಿದಾಗ ಅವಳೊಂದು ಪ್ರಶ್ನೆ ಎಸೆದಳು.

“ಅಮ್ಮಾ, ಇದರಲ್ಲಿ ಹೆಂಗಸರು ಎಲ್ಲಿ ಹೋದ್ರು? ಎಲ್ಲಾ ಕಡೆ ಬರೀ ಗಂಡಸರೇ ಓಡಾಡ್ತಾ ಇದಾರಲ್ಲ?”

ನಾನು ಥಟ್ಟನೆ ಪುಸ್ತಕ ಮುಚ್ಚಿದೆ. ಇಷ್ಟು ವರ್ಷ ಓದಿದ್ದೇನೆ, ನನಗೇಕೆ ಇದು ಹೊಳೆದಿರಲಿಲ್ಲ? ನಿಜ, ಫೆಲೂದಾನ ಕತೆಗಳಲ್ಲಿ ಹೆಂಗಸರು ಇಲ್ಲವೆನ್ನುವಷ್ಟು ಕಡಿಮೆ. “ಆಗಿನ ಕಾಲದ ಪುಸ್ತಕ ಕಣೇ” ಎಂದೇನೋ ತೇಲಿಸಿದೆ. ಅವಳ ಮುಖದಲ್ಲಿ ಸಮಾಧಾನ ಕಾಣಲಿಲ್ಲ. ಬಾಗಿಲು ಮತ್ತೆ ಮುಚ್ಚಿಬಿಡುತ್ತದೋ ಎಂಬ ಹೆದರಿಕೆ ನನಗೆ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: “ಹೋಗಿ ನೋಡೋಣ ಬಾ, ಎಲ್ಲಿದಾರೆ ಅಂತ!”

ಹೊರಟೇಬಿಟ್ಟೆವು.

ಬೆಂಗಳೂರಿನಿಂದ ಜೋಧಪುರಕ್ಕೆ ನೇರ ರೈಲಿದೆ. ಎರಡು ರಾತ್ರಿ ರೈಲಿನಲ್ಲೇ ಕಳೆಯಬೇಕು. ಚಪಾತಿ, ಚಟ್ನಿಪುಡಿ, ಹುಳಿಯವಲಕ್ಕಿ ಕಟ್ಟಿಕೊಂಡಿದ್ದೆ. ಪುಸ್ತಕವನ್ನು ಮೊದಲಿನಿಂದ ಮತ್ತೆ ಶುರುಮಾಡಿದೆವು. ಈ ಸಲ ಓದುವವಳು ಅವಳು, ಕೇಳುವವಳು ನಾನು. ಮೇಲಿನ ಬರ್ತಿನಲ್ಲಿ ನಿದ್ದೆ ಮಾಡುತ್ತಿದ್ದವರಂತೆ ನಟಿಸುತ್ತಿದ್ದ ನಮ್ಮವರು ನಡುವೆ ಬಾಯಿ ಹಾಕಿ, “ಹಾಗಾದ್ರೆ ಆ ಡಾಕ್ಟರು ಎಲ್ಲಿ?” ಎಂದು ಕೇಳಿದಾಗ ನಾವಿಬ್ಬರೂ ಗೊಳ್ಳೆಂದು ನಕ್ಕೆವು. ಅಂದಿನಿಂದ ಅವರಿಗೆ ಲಾಲ್‌ಮೋಹನ್ ಬಾಬು ಎಂದೇ ಹೆಸರು. ಫೆಲೂದಾನಂತೆ ಮಗಳೂ ಒಂದು ನೋಟ್‌ಬುಕ್ ಇಟ್ಟಳು. ಕಂಡದ್ದನ್ನೆಲ್ಲ ಅದರಲ್ಲಿ ಬರೆಯುವುದು, ಕೊನೆಗೆ ಯೋಚಿಸುವುದು.

ಜೋಧಪುರದಿಂದ ಜೈಸಲ್ಮೇರಿಗೆ ರಾತ್ರಿಯ ರೈಲು ಹಿಡಿದೆವು. ಕತೆಯಲ್ಲಿ ಫೆಲೂದಾನ ಗುಂಪು ಕಾರಿನಲ್ಲಿ ಹೊರಟು, ಚಕ್ರ ಪಂಕ್ಚರ್ ಆಗಿ, ಒಂಟೆ ಹತ್ತಿ ರಾಮದೇವ್ರಾ ಸ್ಟೇಷನ್ ಸೇರಿ ರೈಲಿಗಾಗಿ ಕಾಯುತ್ತದೆ. 1974ರಲ್ಲಿ ರೇ ಅವರೇ ಈ ಕತೆಯನ್ನು ಚಲನಚಿತ್ರ ಮಾಡಿದಾಗ, ಹೊಗೆ ಉಗುಳುವ ರೈಲಿನ ಹಿಂದೆ ಒಂಟೆಗಳನ್ನು ಓಡಿಸಿದ ದೃಶ್ಯ ಇಂದಿಗೂ ಪ್ರಸಿದ್ಧ. ಈಗ ಹೊಗೆಯ ಇಂಜಿನ್ ಇಲ್ಲ. ಆದರೆ ರಾಮದೇವ್ರಾ ಇದೆ! ನಡುರಾತ್ರಿ ಮಗಳು ನನ್ನನ್ನು ಅಲುಗಿಸಿ ಎಬ್ಬಿಸಿದಳು. ಕಿಟಕಿಯಾಚೆ ಒಂದು ಹಳದಿ ಬೋರ್ಡು, ಕಂಬಳಿ ಹೊದ್ದ ನಾಲ್ಕಾರು ಜನ, ಆಚೆಗೆ ಕತ್ತಲೆ. ಅಷ್ಟೇ. ಆದರೂ ಇಬ್ಬರ ಮೈಯೂ ಜುಮ್ಮೆಂದಿತು. ಓದಿದ್ದ ಹೆಸರೊಂದು ಕಣ್ಣೆದುರು ಬಂದು ನಿಂತರೆ ಆಗುವ ಸಂತೋಷವೇ ಬೇರೆ.

ಜೈಸಲ್ಮೇರ್ ಮುಟ್ಟಿದಾಗ ಇನ್ನೂ ಕತ್ತಲು. ಕೋಟೆಯ ಕೆಳಗೆ ಚಹಾ ಅಂಗಡಿಯ ಮುಂದೆ ನಿಂತು ಸೂರ್ಯನಿಗಾಗಿ ಕಾದೆವು. ಮೊದಲು ಬೂದಿಬಣ್ಣದ ಒಂದು ಗುಡ್ಡ. ಆಮೇಲೆ ಗುಡ್ಡದ ಮೈಮೇಲೆ ಉಬ್ಬುಗಳು ಕಂಡವು, ಅವೇ ಬುರುಜುಗಳು. ಬಿಸಿಲು ಬಿದ್ದದ್ದೇ ತಡ, ಹಾಲಿಗೆ ಕೇಸರಿ ಹಾಕಿದ ಹಾಗೆ ಗೋಡೆಯೆಲ್ಲ ಮೆಲ್ಲಗೆ ಹಳದಿಗೆ ತಿರುಗಿತು. ಮಗಳು ಚಹಾ ಕುಡಿಯುವುದನ್ನೇ ಮರೆತಳು. ಮುಕುಲ್ ಸುಳ್ಳು ಹೇಳಿರಲಿಲ್ಲ.

ಈ ಕೋಟೆಯನ್ನು 1156ರಲ್ಲಿ ಭಾಟಿ ರಜಪೂತರ ರಾವಲ್ ಜೈಸಲ್ ತ್ರಿಕೂಟವೆಂಬ ಗುಡ್ಡದ ಮೇಲೆ ಕಟ್ಟಿಸಿದ. ಗುಡ್ಡದ ಎತ್ತರ ಸುಮಾರು 250 ಅಡಿ. ಬುರುಜುಗಳು 99. ಒಳಹೋಗಲು ಒಂದರ ಹಿಂದೊಂದು ನಾಲ್ಕು ಬಾಗಿಲುಗಳು: ಅಖೈ ಪೋಲ್, ಸೂರಜ್ ಪೋಲ್, ಗಣೇಶ್ ಪೋಲ್, ಹವಾ ಪೋಲ್. ಕೊನೆಯದರಲ್ಲಿ ಹೆಸರಿಗೆ ತಕ್ಕಂತೆ ತಣ್ಣನೆಯ ಗಾಳಿ. ಅಜ್ಜಂದಿರು ಕಟ್ಟೆಯ ಮೇಲೆ ಕುಳಿತು ಹರಟುತ್ತಿದ್ದರು. ನಮ್ಮ ಚಿತ್ರದುರ್ಗದಂತೆ ಇದು ಬರಿದಾದ ಕೋಟೆಯಲ್ಲ. ಒಳಗೆ ಇಂದಿಗೂ ಸಾವಿರಾರು ಜನ ಸಂಸಾರ ಹೂಡಿದ್ದಾರೆ. ಬಾಗಿಲ ಪಕ್ಕದ ಗೋಡೆಯ ಮೇಲೆ ಗಣಪತಿಯ ಚಿತ್ರ, ಮದುವೆಯ ತಾರೀಖು, ಓಣಿಯಲ್ಲಿ ಹಸು, ಕಿಟಕಿಯಲ್ಲಿ ಒಣಗುವ ಸೀರೆ!

ದಸರಾ ರಜೆಯಾದ್ದರಿಂದ ಓಣಿಗಳಲ್ಲೆಲ್ಲ ಬಂಗಾಳಿಗಳು. ರೇ ಅವರ ಚಿತ್ರ ಬಂದ ಮೇಲೆ ಜೈಸಲ್ಮೇರಿಗೆ ಅವರು ತಂಡತಂಡವಾಗಿ ಬರತೊಡಗಿದರು. ಅಂಗಡಿಯವರೂ ಬಂಗಾಳಿ ಕಲಿತಿದ್ದಾರೆ. ಪಾಳುಬಿದ್ದ ಒಂದು ಮನೆಯನ್ನು ತೋರಿಸಿ, “ಇದೇ ಮುಕುಲನ ಮನೆ” ಎನ್ನುತ್ತಾರೆ. ಇರದ ಹುಡುಗನಿಗೆ ಇರುವ ಮನೆ! ಹೋದ ಜನ್ಮದ ಮನೆ ಹುಡುಕಿ ಬಂದ ಹುಡುಗನ ಕತೆ ಊರಿಗೇ ಹೊಸ ಜನ್ಮ ಕೊಟ್ಟಿತಲ್ಲ ಎನ್ನಿಸಿತು.

ಅಲ್ಲೇ ಹಳದಿ ಕಲ್ಲಿನ ಬಟ್ಟಲುಗಳ ಅಂಗಡಿ. “ಬೆಹೆನ್‌ಜೀ, ಈ ಬಟ್ಟಲಲ್ಲಿ ಹಾಲಿಟ್ಟರೆ ಹೆಪ್ಪೇ ಬೇಡ, ತಾನಾಗಿ ಮೊಸರಾಗುತ್ತದೆ” ಎಂದ ಅಂಗಡಿಯವನು. ಹಾಬೂರ್ ಎಂಬ ಊರಿನ ಕಲ್ಲಂತೆ. ಗಟ್ಟಿ ಮೊಸರಿನ ಒಂದು ಬಟ್ಟಲನ್ನೂ ತೋರಿಸಿದ. ನಾನು ಆಗಲೇ ಪರ್ಸು ತೆಗೆದಿದ್ದೆ. ಮಗಳು ತಡೆದಳು. “ಅಂಕಲ್, ಈ ಬಟ್ಟಲಲ್ಲಿ ನಿನ್ನೆನೂ ಮೊಸರು ಇತ್ತಾ? ಕಲ್ಲಿನ ಸಂದಿಯಲ್ಲಿ ನಿನ್ನೆ ಮೊಸರು ಉಳಿದಿದ್ರೆ ಅದೇ ಹೆಪ್ಪು ಅಲ್ವಾ?” ಅಂಗಡಿಯವನು ಹೊಟ್ಟೆ ಹಿಡಿದು ನಕ್ಕು, ಒಂದು ಹೊಸ ಬಟ್ಟಲನ್ನು ಕಡಿಮೆ ಬೆಲೆಗೇ ಕೊಟ್ಟ. ನೋಡಿದಿರಾ? ಪತ್ತೇದಾರಿ ಪುಸ್ತಕ ಓದಿದರೆ ಮಕ್ಕಳು ಕೆಡುತ್ತಾರೆ ಎನ್ನುವವರಿಗೆ ಇದನ್ನು ಹೇಳಿ.

ಕೋಟೆಯೊಳಗಿನ ಜೈನ ದೇವಾಲಯಗಳನ್ನು ಬಿಡಬೇಡಿ. ಅದೇ ಹಳದಿ ಕಲ್ಲು, ಅಲ್ಲಿ ಬೆಣ್ಣೆಯಂತೆ ಕೊರೆಸಿಕೊಂಡಿದೆ. ಅಲ್ಲಿನ ಜ್ಞಾನಭಂಡಾರದಲ್ಲಿ ನೂರಾರು ವರ್ಷಗಳ ಹಿಂದಿನ ತಾಳೆಗರಿ ಗ್ರಂಥಗಳಿವೆ. ನಮ್ಮ ಮೂಡುಬಿದಿರೆಯ ಬಸದಿಯಲ್ಲಿ ಧವಲಾ ಗ್ರಂಥಗಳನ್ನು ಕಾಪಾಡಿಕೊಂಡು ಬಂದದ್ದು ನೆನಪಾಯಿತು. ಮುಕುಲನ ರತ್ನಗಳಿಗಾಗಿ ಕೋಟೆ ಅಗೆಯಹೊರಟ ಕಳ್ಳರಿಗೆ ಈ ನಿಧಿ ಕಾಣುತ್ತಿತ್ತೇ?

ಇನ್ನು ನಮ್ಮ ಹುಡುಕಾಟದ ಮಾತಿಗೆ ಬರುತ್ತೇನೆ.

ಚಿನ್ನದ ಕೋಟೆಯೊಳಗೇ ಮಲಗಬೇಕೆಂಬ ಆಸೆಯಿಂದ ನಾನೇ ಹಟ ಮಾಡಿ ಒಳಗಿನ ಒಂದು ವಸತಿಗೃಹದಲ್ಲಿ ಕೋಣೆ ಹಿಡಿಸಿದ್ದೆ. ಅಕ್ಟೋಬರಿನ ಬಿಸಿಲು, ಧೂಳು. ಮಧ್ಯಾಹ್ನ ಬಂದವಳೇ ತಲೆತುಂಬ ಸ್ನಾನ ಮಾಡಿದೆ, ಮೂರು ಬಕೆಟ್ ನೀರು. ಸಂಜೆ ಮತ್ತೆ ಎರಡು. ಎಂಥ ಹಾಯಿ!

ಸಂಜೆ ಪಕ್ಕದ ಮನೆಯ ಕಟ್ಟೆಯ ಮೇಲೆ ಒಬ್ಬ ಅಜ್ಜಿ ಕುಳಿತಿದ್ದರು. ಕೆಂಪು ಓಢಣಿ, ಮೊಣಕೈವರೆಗೆ ಬಳೆ. ನನ್ನ ಹರುಕುಮುರುಕು ಹಿಂದಿಯಲ್ಲಿ ಮಾತಿಗೆಳೆದೆ. ಮದುವೆಯಾಗಿ ಇದೇ ಓಣಿಗೆ ಬಂದಾಗ ಅವರಿಗೆ ಹದಿನೈದಂತೆ. ಆಗ ನಲ್ಲಿ ಇರಲಿಲ್ಲ. ಬೆಳಗಿನ ಜಾವ ಹೆಂಗಸರೆಲ್ಲ ಸಾಲಾಗಿ ನಾಲ್ಕು ಬಾಗಿಲು ದಾಟಿ, ಕೆಳಗಿಳಿದು ಗಡೀಸರ್ ಕೆರೆಗೆ ಹೋಗಬೇಕು. ತಲೆಯ ಮೇಲೆ ಒಂದರ ಮೇಲೊಂದು ಎರಡು ಕೊಡ ಹೊತ್ತು ಮತ್ತೆ ಆ ಏರು ಹತ್ತಬೇಕು. “ಮಿಂದ ನೀರಲ್ಲಿ ನೆಲ ಸಾರಿಸುತ್ತಿದ್ದೆವು ಬೇಟಿ. ಪಾತ್ರೆಯನ್ನು ಮರಳಲ್ಲೇ ತಿಕ್ಕುತ್ತಿದ್ದೆವು. ಒಂದು ಹನಿಯೂ ನೆಲಕ್ಕೆ ಬೀಳುತ್ತಿರಲಿಲ್ಲ” ಎಂದರು. ಆಮೇಲೆ ನಲ್ಲಿ ಬಂತು. ಬಂದ ದಿನ ನಲ್ಲಿಗೆ ಕುಂಕುಮ ಹಚ್ಚಿದರಂತೆ.

ಆಮೇಲೆ ಗೋಡೆಯ ಬುಡ ತೋರಿಸಿದರು. ಕಲ್ಲಿನ ಮೇಲೆ ಒದ್ದೆಯ ಕಪ್ಪು ಕಲೆ. ಒಂದು ಕಡೆ ಗೋಡೆಯೇ ಹೊಟ್ಟೆ ಬಂದಂತೆ ಉಬ್ಬಿತ್ತು.

ಆ ರಾತ್ರಿ ಮಗಳು ನೋಟ್‌ಬುಕ್ ತೆರೆದಳು. ನಾವು ಓದಿದ್ದು, ಕೇಳಿದ್ದು, ಕಂಡದ್ದನ್ನೆಲ್ಲ ಸೇರಿಸಿ ನೋಡಿದೆವು. ವರ್ಷಕ್ಕೆ 200 ಮಿಲಿಮೀಟರೂ ಮಳೆ ಬೀಳದ ನಾಡಿನಲ್ಲಿ, ನೀರೇ ಇಲ್ಲವೆಂದು ತಿಳಿದು ಕಟ್ಟಿದ ಕೋಟೆ ಇದು. ಹೆಚ್ಚಿನ ಕಡೆ ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕಚ್ಚಿಸಿ ಕೂರಿಸಿದ್ದಾರೆ. ಚಾವಣಿಗೆ ಮರದ ತೊಲೆ, ಮೇಲೆ ಮಣ್ಣು. ಕೆಳಗಿನ ಗುಡ್ಡದಲ್ಲೂ ಜೇಡಿಮಣ್ಣು ಬೆರೆತಿದೆ. ಹೊತ್ತು ತಂದ ಎರಡು ಕೊಡ ನೀರು ಅಲ್ಲಲ್ಲೇ ಒಣಗುತ್ತಿತ್ತು. ನಲ್ಲಿ ಬಂದು, ಪ್ರವಾಸಿಗಳು ಬಂದು, ಕೋಣೆಗೊಂದು ಬಚ್ಚಲು ಬಂದ ಮೇಲೆ ಆ ನೀರೆಲ್ಲ ಸೋರಿದ ಕೊಳವೆ, ಕಟ್ಟಿದ ಚರಂಡಿಗಳಿಂದ ಒಳಗೇ ಇಳಿಯಿತು. ಜೇಡಿ ಉಬ್ಬಿತು, ಗೋಡೆ ಜರುಗಿತು. ಬುರುಜುಗಳೂ ಕುಸಿದಿವೆ. 1996ರಲ್ಲೇ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಸಂಸ್ಥೆ ಈ ಕೋಟೆಯನ್ನು ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿಗೆ ಸೇರಿಸಿತು. 2013ರಲ್ಲಿ ರಾಜಸ್ಥಾನದ ಇತರ ಐದು ಕೋಟೆಗಳೊಂದಿಗೆ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ದುರಸ್ತಿ ಕೆಲಸಗಳು ನಡೆದಿವೆ. ಆದರೆ ನೀರು ತನ್ನ ದಾರಿ ಬಿಟ್ಟಿಲ್ಲ.

ಮಗಳು ಪೆನ್ನು ಕೆಳಗಿಟ್ಟು ಹೇಳಿದಳು: “ಅಮ್ಮಾ, ಇವತ್ತು ನೀನು ಐದು ಬಕೆಟ್.”

ನನ್ನ ಮುಖ ಸಪ್ಪಗಾಯಿತು. ಪತ್ತೇದಾರಿ ಕತೆಯಲ್ಲಿ ಯಾರ ಮೇಲೆ ಅನುಮಾನ ಬರುವುದಿಲ್ಲವೋ ಅವರೇ ಅಪರಾಧಿಗಳಾಗಿರುತ್ತಾರಲ್ಲವೇ? ಪುಸ್ತಕವನ್ನು ಪ್ರೀತಿಸಿ, ಕೋಟೆಯನ್ನು ಪ್ರೀತಿಸಿ, ಅದರ ಬುಡಕ್ಕೇ ನೀರು ಸುರಿದವಳು ನಾನು. “ಹಾಗಾದ್ರೆ ಅಜ್ಜಿ ಮತ್ತೆ ಕೊಡ ಹೊರಬೇಕಾ?” ಎಂದು ನಮ್ಮವರು ಕೇಳಿದರು. ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಅಜ್ಜಿಯ ನಲ್ಲಿ ಕಿತ್ತುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಅವರು ತಲೆಯ ಮೇಲೆ ಹೊತ್ತದ್ದು ಸಾಕು. ಸರಿಯಾಗಬೇಕಾದ್ದು ಚರಂಡಿ, ಕಡಿಮೆಯಾಗಬೇಕಾದ್ದು ನಮ್ಮಂಥವರ ಬಕೆಟ್ಟು. ಮರುದಿನ ಬೆಳಿಗ್ಗೆಯೇ ಗಂಟುಮೂಟೆ ಕಟ್ಟಿ ಕೋಟೆಯ ಕೆಳಗಿನ ಊರಿನಲ್ಲಿ ಕೋಣೆ ಹಿಡಿದೆವು. ಕಿಟಕಿ ತೆರೆದರೆ ಇಡೀ ಕೋಟೆ ಕಾಣುತ್ತಿತ್ತು. ಒಳಗಿದ್ದಾಗ ಅದು ಕಂಡೇ ಇರಲಿಲ್ಲ!

ಸಂಜೆ ಗಡೀಸರ್ ಕೆರೆಗೆ ಹೋದೆವು. ಹದಿನಾಲ್ಕನೆಯ ಶತಮಾನದಲ್ಲಿ ರಾವಲ್ ಗಡ್ಸಿ ಕಟ್ಟಿಸಿದ್ದು. ಈಗ ದೋಣಿವಿಹಾರ ನಡೆಯುತ್ತದೆ. ಮೆಟ್ಟಿಲ ಮೇಲೆ ಕುಳಿತು ಮಗಳು ಕೆರೆಯನ್ನೂ ಕೋಟೆಯನ್ನೂ ಮಾರ್ಚಿ ಮಾರ್ಚಿ ನೋಡಿದಳು. “ಎರಡು ಕೊಡ ಹೊತ್ಕೊಂಡು ಅಷ್ಟು ದೂರಾನಾ?” ಎಂದಳು. ಆಮೇಲೆ ಬಹಳ ಹೊತ್ತು ಏನೋ ಬರೆದಳು. ನಾನು ಇಣುಕಲಿಲ್ಲ. ರೇ ಅವರ ಪುಸ್ತಕದಲ್ಲಿ ಹೆಂಗಸರಿಲ್ಲ, ಸರಿ. ಆದರೆ ಕಣ್ಣು ಬಿಟ್ಟು ನೋಡು, ಸಣ್ಣ ಕಲೆಯನ್ನೂ ಕಡೆಗಣಿಸಬೇಡ ಎಂದು ಕಲಿಸಿದ್ದು ಅದೇ ಪುಸ್ತಕವಲ್ಲವೇ? ಆ ಕಣ್ಣಿನಿಂದಲೇ ಅವಳು ಅಜ್ಜಿಯನ್ನು ಹುಡುಕಿದಳು.

ಊಟದ ಮಾತು ಹೇಳದಿದ್ದರೆ ನೀವು ಬಿಡುತ್ತೀರಾ? ವಿಜಯದಶಮಿಯ ದಿನ ‘ಕೇರ್ ಸಾಂಗ್ರಿ’ ಪಲ್ಯ ತಿಂದೆವು. ಕೇರ್ ಎಂದರೆ ಮರಳುಗಾಡಿನ ಒಂದು ಹುಳಿಕಾಯಿ. ಸಾಂಗ್ರಿ ಎಂದರೆ ಖೇಜ್ರಿ ಮರದ ಎಳೆಯ ಕೋಡು. ಖೇಜ್ರಿ ಯಾವುದು ಗೊತ್ತೇ? ನಮ್ಮ ಬನ್ನಿಮರ! ನಾವು ಎಲೆ ಹಂಚಿ ‘ಬಂಗಾರ’ ಎನ್ನುವ ದಿನ ಅಲ್ಲಿ ಅದರ ಕಾಯಿ ನನ್ನ ಎಲೆಗೆ ಬಿತ್ತು. ಒಣಗಿಸಿದ ಕೇರ್, ಸಾಂಗ್ರಿ ಅಂಗಡಿಗಳಲ್ಲಿ ಸಿಗುತ್ತವೆ. ಕಾಲು ಕಿಲೋ ತಂದಿಟ್ಟುಕೊಳ್ಳಿ. ರಾತ್ರಿಯಿಡೀ ನೆನೆಸಿ, ಚೆನ್ನಾಗಿ ತೊಳೆದು, ಮೆತ್ತಗೆ ಬೇಯಿಸಿ ಬಸಿಯಿರಿ. ಎಣ್ಣೆಯಲ್ಲಿ ಜೀರಿಗೆ, ಇಂಗು, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು, ಅರಿಶಿನ, ಕೊತ್ತಂಬರಿ ಪುಡಿ, ಖಾರದ ಪುಡಿ, ಉಪ್ಪು ಹಾಕಿ ಬಾಡಿಸಿ, ಕೊನೆಗೆ ಮಾವಿನಕಾಯಿ ಪುಡಿ ಉದುರಿಸಿ. ಜೋಳದ ರೊಟ್ಟಿಗೆ ಬಹಳ ಸೊಗಸು, ಎರಡು ದಿನ ಕೆಡುವುದಿಲ್ಲ. ನೀರಿಲ್ಲದ ನಾಡಿನ ಹೆಂಗಸರ ಜಾಣತನವೆಲ್ಲ ಆ ಒಂದು ಪಲ್ಯದಲ್ಲಿದೆ.

ನೀವು ಹೋಗುವುದಾದರೆ ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಿ. ರಾತ್ರಿ ಚಳಿ ಕಡಿಯುತ್ತದೆ, ಶಾಲು, ಸ್ವೆಟರ್ ಇರಲಿ. ಕೋಟೆಯ ಮೆಟ್ಟಿಲು, ಓಣಿಗಳಿಗೆ ಗಟ್ಟಿ ಚಪ್ಪಲಿ ಬೇಕು. ಪಟವೋಂ ಕೀ ಹವೇಲಿಯ ಕಲ್ಲಿನ ಜಾಲರಿಗಳನ್ನು ನೋಡದೆ ಬರಬೇಡಿ. ಉಳಿದುಕೊಳ್ಳುವುದು ಕೋಟೆಯ ಕೆಳಗಿರಲಿ, ಸ್ನಾನ ಒಂದೇ ಬಕೆಟ್ಟಿನಲ್ಲಿ ಮುಗಿಯಲಿ. ಜೊತೆಗೆ ಮಕ್ಕಳಿದ್ದರೆ ಆ ಪುಸ್ತಕ ಖಂಡಿತ ಒಯ್ಯಿರಿ. ರೈಲಿನಲ್ಲಿ ಅವರಿಂದಲೇ ಓದಿಸಿ.

ನಮ್ಮ ಮನೆಯಲ್ಲಿ ರಾತ್ರಿ ಒಂಬತ್ತಕ್ಕೆ ಬಾಗಿಲು ಈಗಲೂ ತೆರೆಯುತ್ತದೆ. ಫೆಲೂದಾನ ಕತೆಗಳು ಒಟ್ಟು 35, ಇನ್ನೂ ಬೇಕಾದಷ್ಟು ಉಳಿದಿವೆ. ನಡುವೆ ಮಗಳೂ ನೋಟ್‌ಬುಕ್ಕಿನಲ್ಲಿ ಒಂದು ಕತೆ ಬರೆಯುತ್ತಿದ್ದಾಳಂತೆ. ಅದರಲ್ಲಿ ಪತ್ತೇದಾರಿಣಿ ಒಬ್ಬ ಅಜ್ಜಿ ಎಂಬುದಷ್ಟೇ ನನಗೆ ಸಿಕ್ಕಿರುವ ಸುಳಿವು.

ಅಂದಹಾಗೆ, ಕಲ್ಲಿನ ಬಟ್ಟಲಿನ ಸಂಗತಿ? ಊರಿಗೆ ಬಂದವರೇ ಪರೀಕ್ಷೆ ಮಾಡಿದೆವು. ಹೊಸ ಬಟ್ಟಲಲ್ಲಿ ಅರ್ಧ ಲೋಟ ಹಾಲು, ಪಕ್ಕದಲ್ಲಿ ಸ್ಟೀಲ್ ಬಟ್ಟಲಲ್ಲಿ ಅರ್ಧ ಲೋಟ, ಎರಡಕ್ಕೂ ಹೆಪ್ಪಿಲ್ಲ. ಬೆಳಿಗ್ಗೆ ಎದ್ದು ಮೂವರೂ ಅಡಿಗೆಮನೆಗೆ ಓಡಿದೆವು. ಏನಾಯಿತು ಎಂದು ಮಾತ್ರ ಹೇಳಲಾರೆ. ಕತೆಯ ಕೊನೆ ಹೇಳುವುದು ಮಹಾಪಾಪವೆಂದು ಮೊದಲೇ ಹೇಳಿದೆನಲ್ಲ!